ಸರ್ಕಾರದ ವಕೀಲರು ನಮ್ಮ ಪರ ನಿಲ್ತಾರಾ?

ಪ್ರಶ್ನೆ: ನನ್ನ ತಮ್ಮ ಮಲ್ಪೆಯಲ್ಲಿ ಬೋಟಿಗೆ ಹೋಗುವವನು. ಒಂದು ಹೊಡೆದಾಟದ ಕೇಸಿನಲ್ಲಿ ಈಗ ಹಿರಿಯಡ್ಕ ಜೈಲಿನಲ್ಲಿದ್ದಾನೆ. ಮಳೆಗಾಲ, ಬೋಟು ದಡದಲ್ಲಿದೆ, ಕೈಯಲ್ಲಿ ಕಾಸಿಲ್ಲ. ಸರ್ಕಾರವೇ ವಕೀಲರನ್ನು ಕೊಡುತ್ತದೆ ಅಂದರು. ಕೇಸು ಹಾಕಿದ್ದೇ ಸರ್ಕಾರ, ಅದರ ವಕೀಲರು ನಮ್ಮ ಪರ ಹೇಗೆ ಮಾತಾಡ್ತಾರೆ? ನಮಗೆ ಬಿಪಿಎಲ್ ಕಾರ್ಡ್ ಕೂಡ ಇಲ್ಲ.
– ಒಬ್ಬ ಓದುಗರು, ಮಲ್ಪೆ

ಉತ್ತರ: ನೀವು ಇಬ್ಬರನ್ನು ಒಬ್ಬರು ಅಂದುಕೊಂಡಿದ್ದೀರಿ. ತುಂಬಾ ಜನ ಹಾಗೇ ಅಂದುಕೊಳ್ಳುತ್ತಾರೆ. ಪೊಲೀಸರ ಕೇಸು ನಡೆಸುವವರು ಸರ್ಕಾರಿ ವಕೀಲರು, ಅಂದರೆ ಪಿಪಿ. ನಿಮಗೆ ಸಿಗುವವರು ಕಾನೂನು ಸೇವಾ ಪ್ರಾಧಿಕಾರದ ವಕೀಲರು. ಇವರ ಫೀಸು ಮಾತ್ರ ಪ್ರಾಧಿಕಾರದ್ದು, ವಕಾಲತ್ತು ನಿಮ್ಮ ತಮ್ಮನದು. ಕೋರ್ಟಿನಲ್ಲಿ ಇವರು ಪಿಪಿಯ ಎದುರೇ ನಿಲ್ಲುತ್ತಾರೆ.

ಕಾರ್ಡಿನ ಚಿಂತೆ ಬಿಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಬಂಧನದಲ್ಲಿರುವವರಿಗೆ ಆದಾಯದ ಲೆಕ್ಕವೇ ಇಲ್ಲ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೂ ಇಲ್ಲ.

ಕೇಳದಿದ್ದರೆ ಹಕ್ಕು ಹೋಗುತ್ತಾ? ಇಲ್ಲ. ಅರುಣಾಚಲದ ಸುಖ್ ದಾಸ್ ಎಂಬವರಿಗೆ ವಕೀಲರಿಲ್ಲದೆಯೇ ವಿಚಾರಣೆ ನಡೆದು ಶಿಕ್ಷೆ ಆಗಿತ್ತು. ಅವರು ಕೇಳಲೇ ಇಲ್ಲವಲ್ಲ ಅಂತ ಹೈಕೋರ್ಟ್ ಅಪೀಲು ತಳ್ಳಿಹಾಕಿತು. 1986ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆಯನ್ನೇ ರದ್ದು ಮಾಡಿ, ಇಂಥ ಹಕ್ಕು ಇದೆ ಅಂತ ಗೊತ್ತೇ ಇಲ್ಲದವನು ಕೇಳುವುದಾದರೂ ಹೇಗೆ, ಅದನ್ನು ತಿಳಿಸಬೇಕಾದ್ದು ಜಡ್ಜ್ ಕೆಲಸ ಅಂತ ಹೇಳಿತು. ಸರಿಯಾದ ಮಾತೇ ಅಲ್ವಾ?

ಆದರೂ ನೀವು ಸುಮ್ನೆ ಕೂರಬೇಡಿ. ಉಡುಪಿ ಕೋರ್ಟಿನಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಕೇಳಿಕೊಂಡು ಹೋಗಿ. ಎಫ್‌ಐಆರ್ ಪ್ರತಿ ಇದ್ದರೆ ಹಿಡಿದುಕೊಳ್ಳಿ, ಇಲ್ಲದಿದ್ದರೆ ಕ್ರೈಂ ನಂಬರ್ ಮತ್ತು ಠಾಣೆಯ ಹೆಸರು ಸಾಕು. ಹೋಗಲಿಕ್ಕೆ ಆಗದಿದ್ದರೆ 15100ಕ್ಕೆ ಫೋನ್ ಮಾಡಿ. ತಮ್ಮನೂ ಜೈಲಿನಿಂದಲೇ ಅರ್ಜಿ ಕೊಡಬಹುದು. ಜಾಮೀನು ಅರ್ಜಿಯಿಂದ ಹಿಡಿದು ಅಪೀಲಿನವರೆಗೂ ಈ ನೆರವು ಇದೆ.

‘ಬಿಟ್ಟಿ ವಕೀಲರು ಗಮನ ಕೊಡಲ್ಲ’ ಅನ್ನುವ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು. ಕೆಲವರ ವಿಷಯದಲ್ಲಿ ನಿಜವೇ ಇರಬಹುದು, ದುಡ್ಡು ಕೊಟ್ಟು ಇಟ್ಟ ವಕೀಲರಲ್ಲೂ ಅಂಥವರಿಲ್ಲವಾ? ಸರಿಹೋಗದಿದ್ದರೆ ಬೇರೆಯವರನ್ನು ಕೊಡಿ ಅಂತ ಪ್ರಾಧಿಕಾರಕ್ಕೆ ಬರೆದು ಕೊಡಿ. ‘ಖರ್ಚಿಗೆ’ ಅಂತ ಯಾರಾದರೂ ಕೈ ಚಾಚಿದರೆ ಒಂದು ರೂಪಾಯಿಯೂ ಕೊಡಬೇಡಿ, ಅಲ್ಲೇ ದೂರು ಕೊಡಿ. ಅಂದಹಾಗೆ ವಕಾಲತ್ತು ಪತ್ರಕ್ಕೆ, ಅಂದರೆ ಇವರೇ ನನ್ನ ವಕೀಲರು ಅಂತ ಬರೆದು ಕೊಡುವ ಕಾಗದಕ್ಕೆ, ತಮ್ಮನ ಸಹಿ ಬೇಕು, ಅದನ್ನು ಜೈಲಿನಲ್ಲೇ ಮಾಡಿಸಬಹುದು.