ಭರತನಾಟ್ಯ ಮಾತ್ರ ಗೊತ್ತಿದ್ದರೆ ಅಮೆರಿಕದ ಕಾಲೇಜಿನ ಚಿಯರ್ ತಂಡಕ್ಕೆ ಸೇರಬಹುದಾ?

ಸೇರಬಹುದು, ಖಂಡಿತ ಪ್ರಯತ್ನ ಮಾಡಿ. ಚಿಯರ್ ಅಂದರೆ ಪಂದ್ಯಗಳಲ್ಲಿ ಘೋಷಣೆ, ಕುಣಿತ, ಒಬ್ಬರನ್ನೊಬ್ಬರು ಎತ್ತುವ ಕಸರತ್ತುಗಳಿಂದ ಜನರನ್ನು ಹುರಿದುಂಬಿಸುವುದು. ಆಗಸ್ಟ್‌ನಲ್ಲಿ ಅಮೆರಿಕಕ್ಕೆ ಓದಲು ಹೊರಟಿದ್ದೀರಿ, ಜಿಮ್ನಾಸ್ಟಿಕ್ಸ್ ಗೊತ್ತಿಲ್ಲ, ಎತ್ತರ ಜಾಸ್ತಿ, ಮನೆಯಲ್ಲಿ ಒಪ್ಪುತ್ತಿಲ್ಲ ಅಂತ ಬರೆದಿದ್ದೀರಿ. ಎತ್ತರ ಇರುವುದು ಒಳ್ಳೆಯದೇ ಆಯಿತು. ನಾನು ಅಲ್ಲಿ ಓದುವಾಗ ಹುಡುಗಿಯರ ತಂಡದಲ್ಲಿ ಬೇಸ್ ಆಗಿದ್ದೆ. ಅಂದರೆ ಕೆಳಗೆ ನಿಂತು ಎತ್ತುವವಳು.

ಹೊಸದಾಗಿ ಬರುವವರ ಕಣ್ಣೆಲ್ಲ ಮೇಲೆ ಹತ್ತುವ ಫ್ಲೈಯರ್ ಮೇಲೆಯೇ ಇರುತ್ತದೆ. ಆದರೆ ಹುಡುಗಿಯರ ತಂಡದ ಸ್ಟಂಟ್‌ನಲ್ಲಿ, ಅಂದರೆ ಒಬ್ಬಳನ್ನು ಮೇಲೆತ್ತಿ ಹಿಡಿಯುವ ಕಸರತ್ತಿನಲ್ಲಿ, ಸಾಮಾನ್ಯವಾಗಿ ಮೇಲೆ ಒಬ್ಬಳಾದರೆ, ಕೆಳಗೆ ಇಬ್ಬರು ಬೇಸ್, ಹಿಂದೆ ಒಬ್ಬಳು ಬ್ಯಾಕ್‌ಸ್ಪಾಟ್. ಎತ್ತರದವರು ಬ್ಯಾಕ್‌ಸ್ಪಾಟ್‌ಗೆ ಹೇಳಿ ಮಾಡಿಸಿದ ಹಾಗೆ. ಫ್ಲೈಯರ್ ಕೆಳಗೆ ಬರುವಾಗ ಅವಳ ತಲೆ, ಕುತ್ತಿಗೆ, ಭುಜ ಕಾಯುವುದು ಬ್ಯಾಕ್‌ಸ್ಪಾಟ್ ಕೆಲಸ. ನನ್ನ ಪ್ರಕಾರ ಇಡೀ ತಂಡದಲ್ಲಿ ಅದಕ್ಕಿಂತ ದೊಡ್ಡ ಜವಾಬ್ದಾರಿ ಇಲ್ಲ.

ಬೇಸ್ ಆದರೆ ಫ್ಲೈಯರ್‌ನ ಒಂದು ಪಾದ ನಿಮ್ಮ ಕೈಯಲ್ಲಿರುತ್ತದೆ. ಒಂದು ಕೈ ಹಿಮ್ಮಡಿ ಕೆಳಗೆ, ಇನ್ನೊಂದು ಮುಂಗಾಲಿನ ಕೆಳಗೆ. ನೋಡಬೇಕಾದದ್ದು ಮಾತ್ರ ಪಾದವನ್ನಲ್ಲ, ಅವಳ ಸೊಂಟವನ್ನು. ಅವಳು ಯಾವ ಕಡೆ ವಾಲುತ್ತಾಳೆ ಎಂಬುದು ಅಲ್ಲೇ ಮೊದಲು ತಿಳಿಯುತ್ತದೆ. ಎತ್ತುವ ಬಲ ಬರಬೇಕಾದದ್ದು ತೊಡೆಯಿಂದ, ಬೆನ್ನು ಬಗ್ಗಬಾರದು. ಭರತನಾಟ್ಯದ ಅರೆಮಂಡಿಯಲ್ಲಿ, ಅಂದರೆ ಮಂಡಿ ಅರ್ಧ ಬಗ್ಗಿಸಿ, ನಿಂತು ನಿಂತು ಪಳಗಿದ ಕಾಲು ಇಲ್ಲಿ ನಿಜಕ್ಕೂ ಕೈ ಹಿಡಿಯುತ್ತದೆ. ಎಲ್ಲ ನಡೆಯುವುದೂ ಎಂಟರ ಎಣಿಕೆಯಲ್ಲಿ, ಹಾಗಾಗಿ ಆದಿತಾಳ ಹಾಕಿದವರಿಗೆ ಅದು ಹೊಸದಲ್ಲ.

ಬಿಡಬೇಕಾದ ಅಭ್ಯಾಸವೂ ಒಂದಿದೆ. ಭರತನಾಟ್ಯ ಕಲಿತ ಕೈ ತಾನಾಗಿ ಮಣಿಕಟ್ಟಿನಲ್ಲಿ ಬಾಗುತ್ತದೆ. ಚಿಯರ್‌ನಲ್ಲಿ ಮುಷ್ಟಿ ಬಿಗಿ, ಮಣಿಕಟ್ಟು ನೇರ. ಕೈ ಎಣಿಕೆಗೆ ಸರಿಯಾಗಿ ಹೋಗಿ ಟಕ್ ಅಂತ ನಿಲ್ಲಬೇಕು. ಕನ್ನಡಿ ಮುಂದೆ ಈಗಲೇ ಶುರು ಮಾಡಿ.

ಆಯ್ಕೆ ಹೆಚ್ಚಿನ ಕಡೆ ಏಪ್ರಿಲ್-ಮೇನಲ್ಲೇ ಮುಗಿದಿರುತ್ತದೆ. ಕೆಲವರು ವಿಡಿಯೋ ಒಪ್ಪುತ್ತಾರೆ, ಕೆಲವರು ಆಗಸ್ಟ್‌ನಲ್ಲಿ ಇನ್ನೊಮ್ಮೆ ಕರೆಯುತ್ತಾರೆ. ಇವತ್ತೇ ಕೋಚ್‌ಗೆ ಮೇಲ್ ಮಾಡಿ. ಕೆಂಟಕಿ ವಿಶ್ವವಿದ್ಯಾಲಯದಂಥ ದೊಡ್ಡ ತಂಡಗಳಿಗೆ ಪಲ್ಟಿ ಬಾರದೆ ಹೋಗುವುದು ಕಷ್ಟ. ಹಾಗಾಗಿ ವಿದ್ಯಾರ್ಥಿಗಳೇ ನಡೆಸುವ ಕ್ಲಬ್ ತಂಡ ಇದೆಯಾ ಅಂತಲೂ ಕೇಳಿ.

ಇನ್ನು ಅಪ್ಪ ಅಮ್ಮ. ನಮ್ಮಲ್ಲಿ ಹೆಚ್ಚಿನವರು ಚಿಯರ್‌ಲೀಡರ್‌ಗಳನ್ನು ಮೊದಲು ನೋಡಿದ್ದೇ 2008ರ ಐಪಿಎಲ್‌ನಲ್ಲಿ. ಅವರ ಮನಸ್ಸಿನಲ್ಲಿ ಇರುವುದು ಅದೇ, ತಪ್ಪಲ್ಲ. ಕಾಲೇಜಿನ ಚಿಯರ್ ಬೇರೆ ಎಂದು ಹೇಳಿ. 1898ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಜಾನಿ ಕ್ಯಾಂಪ್‌ಬೆಲ್ ಎಂಬ ವಿದ್ಯಾರ್ಥಿ ಅಮೆರಿಕನ್ ಫುಟ್‌ಬಾಲ್ ಪಂದ್ಯದಲ್ಲಿ ಜನರಿಂದ ಘೋಷಣೆ ಕೂಗಿಸಿದ್ದು ಇದರ ಶುರು. ಹೆಣ್ಣುಮಕ್ಕಳು ಬಂದದ್ದು 1923ರ ಹೊತ್ತಿಗೆ. ಮುಂದೆ ಅಮೆರಿಕದ ಅಧ್ಯಕ್ಷರಾದ ಐಸೆನ್‌ಹೋವರ್ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯಲ್ಲಿ ಓದುವಾಗ ಚಿಯರ್‌ಲೀಡರ್ ಆಗಿದ್ದವರು. 2021ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಚಿಯರ್‌ನ ಜಾಗತಿಕ ಒಕ್ಕೂಟಕ್ಕೆ ಪೂರ್ಣ ಮಾನ್ಯತೆ ಕೊಟ್ಟಿತು.

ಆದರೆ ಅವರು ಪೆಟ್ಟಿನ ಬಗ್ಗೆ ಹೆದರಿದರೆ ಆ ಹೆದರಿಕೆಗೆ ಕಾರಣವಿದೆ. ತಲೆಗೆ ಪೆಟ್ಟು ಬೀಳುವುದು ಇಲ್ಲಿ ಅಪರೂಪವಲ್ಲ, ಅದೂ ಬೇಸ್‌ಗಳಿಗೆ ಮೊಣಕೈ ಬಡಿದು. ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಚಿಯರ್ ಅನ್ನು ತನ್ನ ಕ್ರೀಡೆಗಳ ಪಟ್ಟಿಯಲ್ಲಿ ಸೇರಿಸಿಲ್ಲ. ಅದರಿಂದ ಆರೈಕೆ ಒಂದೊಂದು ಕಾಲೇಜಿನಲ್ಲಿ ಒಂದೊಂದು ತರಹ. ಅಭ್ಯಾಸಕ್ಕೆ ಮ್ಯಾಟ್ ಇದೆಯಾ, ಪೆಟ್ಟು ನೋಡಿಕೊಳ್ಳುವ ಅಥ್ಲೆಟಿಕ್ ಟ್ರೈನರ್ ಸಿಗುತ್ತಾರಾ, ನಿಮ್ಮ ವಿದ್ಯಾರ್ಥಿ ವಿಮೆಯಲ್ಲಿ ಈ ಪೆಟ್ಟುಗಳು ಸೇರುತ್ತವಾ ಅಂತ ಬರಹದಲ್ಲೇ ಕೇಳಿ ತಿಳಿದುಕೊಳ್ಳಿ. ಕೆಲವು ಪಾಲಿಸಿಗಳು ತಂಡದ ಆಟಗಳನ್ನು ಹೊರಗಿಡುತ್ತವೆ.

ಅಲ್ಲಿಯವರೆಗೆ ಸ್ಕ್ವಾಟ್ ಮಾಡಿ, ತಲೆಯ ಮೇಲೆ ಭಾರ ಎತ್ತುವುದನ್ನು ನಿಧಾನವಾಗಿ ಅಭ್ಯಾಸ ಮಾಡಿ. ಪಲ್ಟಿ ಮಾತ್ರ ವಿಡಿಯೋ ನೋಡಿ ಮನೆಯಲ್ಲಿ ಒಬ್ಬರೇ ಕಲಿಯಬೇಡಿ. ಹತ್ತಿರದ ಜಿಮ್ನಾಸ್ಟಿಕ್ಸ್ ಕೋಚ್ ಬಳಿ ಹೋಗಿ.