ತಗ್ಗಿನ ಥಂಡಿ ಹಿಡಿಯಲು ಒಂದು ಥರ್ಮಾಮೀಟರ್ ಸಾಲದು

*ಪ್ರಶ್ನೆ: ಸರ್, ನಮ್ಮ ಹೊಲ ಭಾಲ್ಕಿ ಕಡೆ, ಮಾಂಜ್ರಾ ಹೊಳಿ ದಂಡ್ಯಾಗ ತಗ್ಗಿನಾಗ ಅದ. ಮೊಬೈಲ್ 13 ಡಿಗ್ರಿ ತೋರಸ್ತದ, ನನ್ನ ಥರ್ಮಾಮೀಟರ್ 8 ತೋರಸ್ತದ. ಬೀದರ್ ಎತ್ತರದಾಗ ಅದ, ಆದ್ರೂ ಅಲ್ಲಿಗಿಂತ ನಮ್ಮಲ್ಲೇ ಥಂಡಿ ಹೆಚ್ಚು. ತಣ್ಣನ ಗಾಳಿ ತಗ್ಗಿನಾಗ ಕೂತದ ಅಂತ ಖಾತ್ರಿ ಮಾಡ್ಕೊಳ್ಳೋದು ಹೆಂಗ್ರೀ?*

ಪ್ರತಿ ಚಳಿಗಾಲವೂ ಇದೇ ಪ್ರಶ್ನೆ ಬರುತ್ತದೆ. ಈ ಸಲ ಪೂರ್ತಿ ಬರೆಯುತ್ತೇನೆ, ದಯವಿಟ್ಟು ಎತ್ತಿಟ್ಟುಕೊಳ್ಳಿ.

ಮೊದಲು ಮೊಬೈಲ್ ಬಿಡಿ. ಅದು ತೋರಿಸುವುದು ಹಲವು ಕಿಲೋಮೀಟರ್ ಪ್ರದೇಶಕ್ಕೆ ಕಂಪ್ಯೂಟರ್ ಹಾಕಿದ ಅಂದಾಜು. ನಿಮ್ಮ ಹೊಳೆ, ನಿಮ್ಮ ತಗ್ಗು ಅದಕ್ಕೆ ಗೊತ್ತಿಲ್ಲ. ಇನ್ನು ನಿಮ್ಮ 8 ಡಿಗ್ರಿ. ಎಲ್ಲಿ ಅಳೆದಿರಿ ಎಂದು ಬರೆದೇ ಇಲ್ಲ. ಬಯಲಲ್ಲಿ ಆಕಾಶಕ್ಕೆ ಮುಖ ಮಾಡಿ ಇಟ್ಟಿದ್ದರೆ ಥರ್ಮಾಮೀಟರ್ ತಾನೇ ಶಾಖ ಕಳೆದುಕೊಂಡು ಗಾಳಿಗಿಂತ ಕಡಿಮೆ ತೋರಿಸುತ್ತದೆ.

ಎಷ್ಟು ಥಂಡಿ ಇದೆ ಎಂಬುದಷ್ಟರಿಂದ ಏನೂ ಗೊತ್ತಾಗುವುದಿಲ್ಲ. ಮೇಲಕ್ಕೆ ಹೋದಂತೆ ಅದು ಹೇಗೆ ಬದಲಾಗುತ್ತದೆ ಎಂಬುದನ್ನು ನೋಡಬೇಕು. ಸಾಮಾನ್ಯವಾಗಿ ಒಂದು ಕಿಲೋಮೀಟರ್ ಏರಿದರೆ ಸುಮಾರು 6.5 ಡಿಗ್ರಿ ಇಳಿಯುತ್ತದೆ. ಆ ಲೆಕ್ಕದಲ್ಲಿ ನಿಮಗಿಂತ ನೂರು ಮೀಟರ್ ಮೇಲಿರುವ ಊರು ಅರ್ಧ, ಮುಕ್ಕಾಲು ಡಿಗ್ರಿ ಹೆಚ್ಚು ತಂಪಿರಬೇಕು. ಗಾಳಿಯಿಲ್ಲದ ನಿಚ್ಚಳ ರಾತ್ರಿ ಇದು ತಿರುಗುಮುರುಗಾಗುತ್ತದೆ. ನೆಲ ಶಾಖವನ್ನು ಆಕಾಶಕ್ಕೆ ಬಿಡುತ್ತದೆ, ಅದಕ್ಕೆ ತಾಗಿದ ಗಾಳಿ ತಣ್ಣಗಾಗಿ ಭಾರವಾಗುತ್ತದೆ, ಮಡ್ಡಿಯಿಂದ ನೀರಿನ ಹಾಗೆ ಇಳಿದು ತಗ್ಗಿನಲ್ಲಿ ನಿಲ್ಲುತ್ತದೆ.

ಹಾಗಾಗಿ ಕನಿಷ್ಠ ಎರಡು ಥರ್ಮಾಮೀಟರ್ ಬೇಕು, ಒಂದೇ ಕಂಪನಿಯವು, ರಾತ್ರಿಯ ಕನಿಷ್ಠವನ್ನು ನೆನಪಿಟ್ಟುಕೊಳ್ಳುವಂಥವು. ಮೊದಲ ರಾತ್ರಿ ಎರಡನ್ನೂ ಪಕ್ಕಪಕ್ಕ ಇಡಿ. ಅರ್ಧ ಡಿಗ್ರಿ ವ್ಯತ್ಯಾಸ ಬಂದರೆ ಬರೆದುಕೊಂಡು ಮುಂದೆ ಕಳೆಯಿರಿ. ಈ ಕೆಲಸ ಯಾರೂ ಮಾಡುವುದಿಲ್ಲ, ಆಮೇಲೆ ನನಗೆ ಪತ್ರ ಬರೆಯುತ್ತಾರೆ. ಬಳಿಕ ಒಂದನ್ನು ತಗ್ಗಿನಲ್ಲಿ, ಇನ್ನೊಂದನ್ನು ಮಡ್ಡಿಯ ಮೇಲೆ, ನೆಲದಿಂದ ನಾಲ್ಕೈದು ಅಡಿ ಎತ್ತರದಲ್ಲಿ, ಮೇಲೆ ಬಿಳಿ ಮರೆ ಮಾಡಿ, ಗಾಳಿಯಾಡುವಂತೆ ಕಟ್ಟಿ. ಗೋಡೆಗೆ, ಪತ್ರಾಸಿಗೆ ತಾಗಿಸಬೇಡಿ. ಮೂರನೆಯದು ಸಿಕ್ಕರೆ ಇಳಿಜಾರಿನ ನಡುವೆ ಇಡಿ. ಅದು ತಗ್ಗಿನ ಅಂಕಿಗೆ ಹತ್ತಿರ ಬಂದರೆ ತಣ್ಣನೆ ಗಾಳಿ ಅಲ್ಲಿವರೆಗೂ ತುಂಬಿದೆ, ಮಡ್ಡಿಯ ಅಂಕಿಗೆ ಹತ್ತಿರವಿದ್ದರೆ ಅದರ ಕೆಳಗೇ ನಿಂತಿದೆ.

ಪ್ರತಿ ಬೆಳಿಗ್ಗೆ ಅಂಕಿಯ ಜೊತೆ ರಾತ್ರಿ ಮೋಡವಿತ್ತೇ, ಗಾಳಿ ಬೀಸುತ್ತಿತ್ತೇ ಎಂದೂ ಬರೆಯಿರಿ. ನಿಚ್ಚಳ ರಾತ್ರಿ ತಗ್ಗು ಎರಡು, ಮೂರು ಡಿಗ್ರಿ ಕೆಳಗಿದ್ದು, ಮೋಡ ಅಥವಾ ಗಾಳಿಯ ರಾತ್ರಿ ಆ ಅಂತರ ಮಾಯವಾದರೆ ಖಾತ್ರಿ. ಹವೆ ಹೇಗಿದ್ದರೂ ಅಂತರ ಅಷ್ಟೇ ಇದ್ದರೆ ನಿಮ್ಮ ಥರ್ಮಾಮೀಟರನ್ನು ಅನುಮಾನಿಸಿ. ಒಲೆಯ ಹೊಗೆ ನೆಟ್ಟಗೆ ಎದ್ದು ಒಂದು ಮಟ್ಟದಲ್ಲಿ ಚಪ್ಪಟೆಯಾಗಿ ಹರಡುವುದನ್ನೂ ನೋಡಿ. ಅದು ಒಳ್ಳೆಯ ಸುಳಿವು, ಆದರೆ ಅಳತೆ ಅಲ್ಲ.

ದೊಡ್ಡ ಕಣಿವೆಗಳಲ್ಲೂ ಕ್ರಮ ಇದೇ. 2010-11ರ ಚಳಿಗಾಲದಲ್ಲಿ ಅಮೆರಿಕದ ಸಾಲ್ಟ್ ಲೇಕ್ ಕಣಿವೆಯಲ್ಲಿ ವಿಜ್ಞಾನಿಗಳು ಇಳಿಜಾರಿನುದ್ದಕ್ಕೂ ಥರ್ಮಾಮೀಟರ್ ಸಾಲು ಇಟ್ಟರು, ಥರ್ಮಾಮೀಟರ್ ಕಟ್ಟಿದ ಬಲೂನ್ ಹಾರಿಸಿದರು. ಅಲ್ಲಿ ತಣ್ಣನೆ ಗಾಳಿ ಹೊಗೆ, ಧೂಳಿನ ಸಮೇತ ದಿನಗಟ್ಟಲೆ ಕದಲುವುದಿಲ್ಲ. ನಮ್ಮಲ್ಲಿ ಬಿಸಿಲು ಎರೆ ನೆಲವನ್ನು ಕಾಯಿಸುತ್ತಲೇ ಅದು ಕರಗುತ್ತದೆ. ಹೀಗಾಗಿ ಹತ್ತು ಗಂಟೆವರೆಗೆ ಅರ್ಧ ತಾಸಿಗೊಮ್ಮೆ ನೋಡಿ. ಮೇಲಿನ, ಕೆಳಗಿನ ಅಂಕಿ ಒಂದಾದ ಹೊತ್ತೇ ತಣ್ಣನೆ ಗಾಳಿ ತಗ್ಗು ಬಿಟ್ಟ ಹೊತ್ತು. ಹೈದರಾಬಾದಿನಲ್ಲಿ ಹವಾಮಾನ ಇಲಾಖೆ ಬೆಳಗಿನ 5:30ರ ಲೆಕ್ಕಕ್ಕೆ ಹಾರಿಸುವ ಬಲೂನಿನ ಅಂಕಿ ಇಡೀ ಸೀಮೆಯ ಹವೆ ತಿಳಿಯಲು ಸಾಕು, ನಿಮ್ಮ ತಗ್ಗಿಗೆ ಸಾಲದು.

*ಮಂಜು ಇಲ್ಲದಿದ್ದರೆ ತಣ್ಣನೆ ಗಾಳಿ ನಿಂತಿಲ್ಲ ಎಂದರ್ಥವೇ? (ಸೇಡಂ)*

ಅಲ್ಲ. ಒಣ ಹವೆಯಲ್ಲಿ ಮಂಜಿಲ್ಲದೆಯೂ ನಿಲ್ಲುತ್ತದೆ.

*ಹಿಮಾಲಯದ ಗಾಳಿ ಬಂದು ತಗ್ಗಿನಲ್ಲಿ ತುಂಬುತ್ತದಂತೆ? (ಶಹಾಪುರ)*

ಉತ್ತರದ ಒಣ ಗಾಳಿ ಆಕಾಶ ತಿಳಿಗೊಳಿಸುತ್ತದೆ, ನಿಜ. ತಗ್ಗಿನ ಥಂಡಿ ಮಾತ್ರ ಅದೇ ರಾತ್ರಿ ನಿಮ್ಮ ನೆಲದ ಮೇಲೆ ಹುಟ್ಟಿದ್ದು.

*ಟೈರ್ ಸುಟ್ಟರೆ ಬೆಳೆಗೆ ಥಂಡಿ ತಾಗದೇ? (ಚಿಂಚೋಳಿ)*

ಸುಡಬೇಡಿ. ಆ ವಿಷದ ಹೊಗೆ ಅದೇ ತಣ್ಣನೆ ಗಾಳಿಯಲ್ಲಿ ಸಿಕ್ಕಿಬಿದ್ದು ಬೆಳಗಿನವರೆಗೂ ನಿಮ್ಮ ಮಕ್ಕಳ ಎದೆಗೆ ಹೋಗುತ್ತದೆ.

*ತೊಗರಿ ಹೂವಿಗೆ 'ಥಂಡಿ ಔಷಧಿ' ಎಂದು ಊರಿಗೆ ಬಂದು ಮಾರುತ್ತಿದ್ದಾರೆ, ಕೊಳ್ಳಬಹುದೇ? (ಆಳಂದ)*

ಲೇಬಲ್ ಇಲ್ಲ, ರಸೀದಿ ಇಲ್ಲ ಎಂದು ನೀವೇ ಬರೆದಿದ್ದೀರಿ. ಇಂಥವರು ರೈತರ ಹೆದರಿಕೆಯನ್ನೇ ಮಾರುವವರು. ಬಾಟಲಿಯನ್ನು ರೈತ ಸಂಪರ್ಕ ಕೇಂದ್ರಕ್ಕೆ ಒಯ್ದು ತೋರಿಸಿ.

*ಥಂಡಿಗೆ ಬಾಗಿಲು ಮುಚ್ಚಿ ಇದ್ದಿಲು ಸಿಗಡಿ ಇಟ್ಟು ಮಲಗುತ್ತೇವೆ, ತೊಂದರೆಯಿಲ್ಲವಲ್ಲ? (ಹುಮನಾಬಾದ್)*

ಇದೆ, ಜೀವಕ್ಕೇ ಇದೆ. ಇದ್ದಿಲಿನಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಕೊಲ್ಲುತ್ತದೆ. ಇವತ್ತು ರಾತ್ರಿಯಿಂದಲೇ ಸಿಗಡಿ ಹೊರಗಿಡಿ.