ಕೆಂಪು ವೈನ್ ಫ್ರಿಜ್‌ನಲ್ಲಿ ಇಡಬಹುದಾ?

ಪ್ರಶ್ನೆ: ಫ್ರಾನ್ಸಿನ ದಿಜೋನ್‌ನಲ್ಲಿ ಓದುತ್ತಿರುವ ಮಗಳು ರಜೆಗೆ ಬಂದಾಗ ಒಂದು ಕೆಂಪು ವೈನ್ ತಂದಿದ್ದಾಳೆ. ಲೇಬಲ್ ಮೇಲೆ 'ಬೂರ್ಗೋನ್ ಪಾಸ್-ತು-ಗ್ರ್ಯಾಂ' ಅಂತ ಇದೆ. 'ಅಪ್ಪಾ, ಇದನ್ನ ತಣ್ಣಗೆ ಮಾಡಿಯೇ ಕುಡೀಬೇಕು' ಅನ್ನುತ್ತಾಳೆ. ಕೆಂಪು ವೈನ್ ಫ್ರಿಜ್‌ನಲ್ಲಿ ಇಡಬಾರದು ಅಂತ ಕೇಳಿದ್ದೆ. ಯಾರು ಸರಿ?
– ಓದುಗರು, ಮಂಗಳೂರು

ಉತ್ತರ: ಮಗಳೇ ಸರಿ. ನೀವು ಕೇಳಿದ್ದೂ ಸುಳ್ಳಲ್ಲ, ಆದರೆ ಅದು ಬೇರೆ ಜಾತಿಯ ವೈನ್‌ಗೆ ಸೇರಿದ ಮಾತು.

ಇಲ್ಲಿ ನೋಡಬೇಕಾದ್ದು ಒಗರನ್ನು. ದ್ರಾಕ್ಷಿಯ ಸಿಪ್ಪೆಯಲ್ಲಿ, ಬೀಜದಲ್ಲಿ ಟ್ಯಾನಿನ್ ಇರುತ್ತದೆ. ನೇರಳೆ ಹಣ್ಣು ತಿಂದಾಗ ನಾಲಿಗೆ ಹಿಡಿದಂತಾಗುತ್ತದಲ್ಲ, ಅದೇ. ಹಾಲಿಲ್ಲದ ಕಡು ಚಹಾ ಆರಿದ ಮೇಲೆ ಕುಡಿದು ನೋಡಿ, ಬಿಸಿಯಾಗಿದ್ದಾಗ ಗೊತ್ತಾಗದ ಒಗರು ಎದ್ದು ಕಾಣುತ್ತದೆ. ವೈನ್‌ನಲ್ಲೂ ಹಾಗೇ. ಕಾಓರ್, ಮಾದಿರಾಂ ಕಡೆಯ ದಟ್ಟ ಕೆಂಪು ವೈನ್‌ಗಳನ್ನು ತಣ್ಣಗೆ ಮಾಡಿದರೆ ಬರೀ ಒಗರೇ ಉಳಿಯುತ್ತದೆ. ಒಗರು ಕಡಿಮೆ ಇರುವ ವೈನ್‌ಗೆ ಆ ಭಯ ಇಲ್ಲ. ತಂಪಿನಲ್ಲಿ ಅದರ ಹಣ್ಣಿನ ಪರಿಮಳ ಇನ್ನೂ ಚುರುಕಾಗುತ್ತದೆ.

ನಿಮ್ಮ ಬಾಟಲಿ ಈ ಎರಡನೇ ಗುಂಪಿನದು. ಲೇಬಲ್ ಮೇಲಿನ 'ಬೂರ್ಗೋನ್' ಅಂದರೆ ದಿಜೋನ್ ಇರುವ ಬರ್ಗಂಡಿ ಸೀಮೆ. ಅಲ್ಲಿ ಪಿನೋ ನ್ವಾರ್, ಗಾಮೇ ಎಂಬ ಎರಡು ದ್ರಾಕ್ಷಿಗಳನ್ನು ಒಂದೇ ತೊಟ್ಟಿಗೆ ಸುರಿದು ಇದನ್ನು ಮಾಡುತ್ತಾರೆ. ನೂರರಲ್ಲಿ ಪಿನೋ ಕನಿಷ್ಠ 30 ಪಾಲು, ಗಾಮೇ ಕನಿಷ್ಠ 15 ಪಾಲು ಇರಲೇಬೇಕೆಂಬ ನಿಯಮ ಇದೆ. ಪಿನೋದ ಸಿಪ್ಪೆ ತೆಳು. ಗಾಮೇಯಲ್ಲೂ ಒಗರು ಕಡಿಮೆ, ಹುಳಿ ಮತ್ತು ರಸ ಜಾಸ್ತಿ. ಗ್ಲಾಸಿಗೆ ಸುರಿದು ಹಿಂದೆ ಬೆರಳು ಹಿಡಿದರೆ ಬೆರಳು ಕಾಣುತ್ತದೆ, ಅಷ್ಟು ತಿಳಿಯಾದ ಬಣ್ಣ.

ಈ ಜೋಡಿಯ ಕಥೆ ನನಗೆ ತುಂಬಾ ಇಷ್ಟ. 1395ರಲ್ಲಿ ಬರ್ಗಂಡಿಯ ಡ್ಯೂಕ್ ಫಿಲಿಪ್, ಗಾಮೇ ಬಳ್ಳಿಗಳನ್ನು ಕಿತ್ತುಹಾಕಿ ಎಂದು ಆಜ್ಞೆ ಹೊರಡಿಸಿದ. ಅವನಿಗೆ ಬೇಕಾಗಿದ್ದು ಪಿನೋ ಮಾತ್ರ. ಆದರೆ ಗಾಮೇ ಬೇಗ ಹಣ್ಣಾಗುತ್ತದೆ, ಫಸಲೂ ಕೈತುಂಬಾ. ರೈತ ಅಂಥ ಬಳ್ಳಿಯನ್ನು ಸುಮ್ನೆ ಬಿಡುತ್ತಾನಾ? ಅದು ಪೂರ್ತಿ ಹೋಗಲೇ ಇಲ್ಲ. ದಕ್ಷಿಣಕ್ಕೆ ಬೋಜೊಲೇಯ ಗ್ರಾನೈಟ್ ಮಣ್ಣಿನಲ್ಲಿ ಗಾಮೇ ಇವತ್ತಿಗೂ ರಾಣಿ. ಬರ್ಗಂಡಿಯ ಒಳಗೇ ಪಿನೋ ಜೊತೆ ಬೆರೆಸಿ ಮಾಡುವ ಈ ವೈನ್‌ಗೆ 1937ರಲ್ಲಿ ಅಧಿಕೃತ ಮಾನ್ಯತೆಯೂ ಸಿಕ್ಕಿತು.

ಇನ್ನು ಎಷ್ಟು ತಣ್ಣಗೆ? 12ರಿಂದ 14 ಡಿಗ್ರಿ ಸಾಕು. ಕೆಂಪು ವೈನ್ ಕೋಣೆಯ ಬಿಸಿಯಲ್ಲೇ ಇರಲಿ ಅನ್ನುವ ಮಾತು ಹುಟ್ಟಿದ್ದು ಹಳೆಯ ಕಲ್ಲಿನ ಮನೆಗಳಲ್ಲಿ. ಅಲ್ಲಿ ಕೋಣೆ ಅಂದರೆ 16–18 ಡಿಗ್ರಿ. ಮಂಗಳೂರಿನ ಕೋಣೆ ಮೇ ತಿಂಗಳಲ್ಲಿ 30 ದಾಟಿರುತ್ತದೆ. ಆ ಬಿಸಿಗೆ ಆಲ್ಕೋಹಾಲ್ ಮೂಗಿಗೆ ಹೊಡೆಯುತ್ತದೆ, ಹಣ್ಣಿನ ವಾಸನೆ ಸತ್ತೇ ಹೋಗುತ್ತದೆ. ಫ್ರಿಜ್‌ನಲ್ಲಿ ಸುಮಾರು ಎರಡು ಗಂಟೆ ಇಡಿ. ಅವಸರ ಇದ್ದರೆ ಬಕೆಟ್‌ಗೆ ಐಸ್ ಜೊತೆ ನೀರೂ ಹಾಕಿ, ಕತ್ತಿನವರೆಗೆ ಮುಳುಗಿಸಿ, ಕಾಲು ಗಂಟೆಗೆ ತೆಗೆಯಿರಿ. ಬರೀ ಐಸ್ ಸಾಲದು, ನೀರಿದ್ದರೇ ಬಾಟಲಿಗೆ ಸುತ್ತಲೂ ತಂಪು ತಾಗುವುದು. ಗ್ಲಾಸಿಗೆ ಸ್ವಲ್ಪಸ್ವಲ್ಪವೇ ಸುರಿದುಕೊಳ್ಳಿ, ನಮ್ಮ ಸೆಕೆಗೆ ಬೇಗ ಬಿಸಿಯಾಗುತ್ತದೆ.

ಪ್ರಶ್ನೆ: ಮಗಳು ಮುಂದಿನ ಸಲ ಬರುವಾಗ ಇಂಥದ್ದೇ ಬೇರೆ ಏನು ತರಿಸಬಹುದು?

ಉತ್ತರ: ಲುವಾರ್ ನದಿಯ ಕಡೆ, ಬ್ಲುವಾ ಊರಿನ ಹತ್ತಿರದ 'ಶೆವರ್ನಿ' ಕೆಂಪು. ಅಲ್ಲೂ ಇದೇ ಪಿನೋ, ಗಾಮೇ ಬೆರಕೆ. ಫ್ರಾನ್ಸಿನ ನಟ್ಟನಡುವಿನ 'ಸ್ಯಾಂ ಪೂರ್ಸ್ಯಾಂ' ಕೂಡ ಇದೇ ಕುಟುಂಬದ್ದು.

ನನ್ನನ್ನು ಕೇಳಿದರೆ ಮೊದಲು ಜುರಾ ಬೆಟ್ಟಗಳ ಕಡೆಯದ್ದು ತರಿಸಿ. ಸ್ವಿಸ್ ಗಡಿಯ ಹತ್ತಿರ, ಆರ್ಬ್ವಾ ಊರಿನ ಸುತ್ತ ಪೂಲ್ಸಾರ್ ಎಂಬ ದ್ರಾಕ್ಷಿ ಬೆಳೆಯುತ್ತಾರೆ. ಸಿಪ್ಪೆ ಎಷ್ಟು ತೆಳು ಅಂದರೆ ವೈನ್ ಬಹುತೇಕ ಗುಲಾಬಿಯಂತೆ ಕಾಣುತ್ತದೆ. ಅದಕ್ಕೆ ತ್ರೂಸೋ, ಪಿನೋ ಬೆರೆಸಿದ ಬಾಟಲಿಗಳು ಸಿಗುತ್ತವೆ. ಕಾಡುಹಣ್ಣು, ಒದ್ದೆ ಮಣ್ಣು ಎರಡರ ವಾಸನೆಯೂ ಒಟ್ಟಿಗೆ ಬರುತ್ತದೆ.

ದಕ್ಷಿಣದ ಲಾಂಗ್‌ದಾಕ್ ಬಿಸಿಲಿನ ಸೀಮೆ, ಅಲ್ಲಿಯವೆಲ್ಲ ಹಗುರ ಅಲ್ಲ. ಸ್ಯಾಂಸೋ ದ್ರಾಕ್ಷಿ ಜಾಸ್ತಿ ಇರುವುದನ್ನೇ ಕೇಳಿ. ಅನುಮಾನ ಬಂದರೆ ಲೇಬಲ್‌ನಲ್ಲಿ ಆಲ್ಕೋಹಾಲ್ ನೋಡಿ. ಶೇಕಡಾ 12, 12.5 ಇದ್ದರೆ ಹೆಚ್ಚಾಗಿ ಫ್ರಿಜ್‌ಗೆ ಒಗ್ಗುತ್ತದೆ. 14 ಇದ್ದರೆ ಬೇಡ.

ಪ್ರಶ್ನೆ: ನಮ್ಮ ಕೋಳಿ ಸುಕ್ಕಕ್ಕೆ ಹೊಂದುತ್ತದಾ?

ಉತ್ತರ: ಚೆನ್ನಾಗಿ ಹೊಂದುತ್ತದೆ. ಒಗರು, ಆಲ್ಕೋಹಾಲ್ ಎರಡೂ ಖಾರವನ್ನು ಕೆರಳಿಸುತ್ತವೆ. ಇದರಲ್ಲಿ ಎರಡೂ ಕಡಿಮೆ, ಮೇಲೆ ತಂಪು ಬೇರೆ. ಮೆಣಸಿನ ಪ್ರಮಾಣ ಮಾತ್ರ ಒಂದು ಹಿಡಿ ಕಡಿಮೆ ಇರಲಿ. ಬಾಟಲಿ ಉಳಿದರೆ ಬಿರಡೆ ಗಟ್ಟಿಯಾಗಿ ಹಾಕಿ ಫ್ರಿಜ್‌ನಲ್ಲೇ ಇಡಿ, ಎರಡು ಮೂರು ದಿನ ಕೆಡುವುದಿಲ್ಲ.